ಕಾಶಿಗೆ ಒಂದೇ ಬ್ಯಾಗು

ಹಗುರವಾಗಿ ಪ್ರಯಾಣ ಮಾಡಿ ಎಂದು ಮೈಸೂರಿನವರಿಗೆ ಬುದ್ಧಿ ಹೇಳುವವರು ಮೊದಲು ನಮ್ಮ ವಿಜಯದಶಮಿಯ ಮೆರವಣಿಗೆಯನ್ನೊಮ್ಮೆ ನೋಡಬೇಕು. ಅರಮನೆಯಿಂದ ಬನ್ನಿಮಂಟಪ ಸುಮಾರು ಐದು ಕಿಲೋಮೀಟರು. ಅಷ್ಟು ದೂರಕ್ಕೆ ತಾಯಿ ಚಾಮುಂಡೇಶ್ವರಿ ಹೊರಡುವುದು 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ. ಹೊರುವ ಆನೆಗೆ ವಾರಗಟ್ಟಲೆ ಮುಂಚಿನಿಂದ ಮರಳಿನ ಮೂಟೆ ಹೊರಿಸಿ ತಾಲೀಮು. ಇಂಥ ಊರಿನಲ್ಲಿ ಹೆಗಲಿಗೊಂದು ಪುಟ್ಟ ಚೀಲ ನೇತುಹಾಕಿಕೊಂಡು ರೈಲ್ವೆ ಸ್ಟೇಷನ್ನಿಗೆ ಹೊರಟರೆ ಆಟೋದವನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ಏನ್ ಸಾರ್, ಮಂಡ್ಯಕ್ಕಾ?" ಅನ್ನುತ್ತಾನೆ.

ನಮ್ಮ ತಂದೆಯವರ ಕಾಲದಲ್ಲಿ ಈ ಅವಮಾನಕ್ಕೆ ಅವಕಾಶವೇ ಇರಲಿಲ್ಲ. ಬಿಳಿ ಬಣ್ಣದಲ್ಲಿ ಹೆಸರು ಬರೆಸಿದ ತಗಡಿನ ಟ್ರಂಕು, ಹಾಸಿಗೆ ದಿಂಬುಗಳನ್ನು ನುಂಗಿ ಹೊಟ್ಟೆ ಬಿರಿದ ಹೋಲ್ಡಾಲು, ನೀರಿನ ಕೂಜಾ, ಬುತ್ತಿಯ ಬುಟ್ಟಿ. ರೈಲಿನವರು ಈಗಲೂ ಉದಾರಿಗಳೇ. ಸ್ಲೀಪರಿನಲ್ಲಿ ತಲೆಗೆ 40 ಕಿಲೋ ಪುಕ್ಕಟೆ. ವಿಮಾನದವರು ಕೈಚೀಲಕ್ಕೆ ಕೊಡುವುದು 7 ಕಿಲೋ. ತಂದೆಯವರ ಟ್ರಂಕು ಖಾಲಿಯಿದ್ದಾಗಲೇ ಅದಕ್ಕಿಂತ ಹೆಚ್ಚು ತೂಗುತ್ತಿತ್ತು.

ನಾವು ಗಂಡ ಹೆಂಡತಿ ಕಾಶಿಗೆ ಹೋಗುವುದೆಂದು ನಿಶ್ಚಯವಾದಾಗ, ತಲೆಗೆ ಒಂದೇ ಬ್ಯಾಗು ಎಂದು ನಾನು ಘೋಷಿಸಿದೆ. ನನ್ನ ಕಣ್ಣ ಮುಂದಿದ್ದ ಆದರ್ಶ ಮದುವೆಯ ಗಂಡು. ಕಾಶಿಯಾತ್ರೆಯ ಶಾಸ್ತ್ರಕ್ಕೆ ನಿಂತ ವರನನ್ನು ನೆನಪಿಸಿಕೊಳ್ಳಿ: ಕಚ್ಚೆಪಂಚೆ, ಶಲ್ಯ, ತಲೆಗೆ ಪೇಟ, ಕಣ್ಣಿಗೆ ಕಾಡಿಗೆ, ಕಾಲಿಗೆ ಹೊಸ ಚಪ್ಪಲಿ, ಕೈಯಲ್ಲಿ ಛತ್ರಿ ಮತ್ತು ಊರುಗೋಲು. ಮುಗಿಯಿತು. ಬಿಸಿಲಿಗೂ ಮಳೆಗೂ ಬೀದಿನಾಯಿಗೂ ಆತ ತಯಾರು, ಠೀವಿಗೂ ಕೊರತೆಯಿಲ್ಲ. ತೊಡಕೇನೆಂದರೆ ಆತ ಹೋಗುವುದು ಛತ್ರದ ಬಾಗಿಲವರೆಗೆ ಮಾತ್ರ. ಅಲ್ಲಿ ಹೆಣ್ಣಿನ ತಂದೆ ಅಡ್ಡ ನಿಂತು ಮಗಳನ್ನು ಕೊಡುತ್ತೇನೆ ಎಂದು ವಾಪಸು ಕರೆತರುತ್ತಾನೆ. ಆಮೇಲೆ ಆತ ಜನ್ಮದಲ್ಲಿ ಹಗುರವಾಗಿ ಪ್ರಯಾಣ ಮಾಡುವುದಿಲ್ಲ.

ಬೆಂಗಳೂರಿನಿಂದ ಮಗಳು ಫೋನಿನಲ್ಲೇ ಪಾಠ ಮಾಡಿದಳು. "ಅಪ್ಪಾ, ಒಂದಕ್ಕೊಂದು ಹೊಂದೋ ಬಣ್ಣ ಮಾತ್ರ ಇಟ್ಕೊಳ್ಳಿ. ಮಡಿಸಬೇಡಿ, ಸುರುಳಿ ಸುತ್ತಿ." ಬೂದು ಬಣ್ಣದ ಎರಡು ಪ್ಯಾಂಟು, ಎರಡಕ್ಕೂ ಒಗ್ಗುವ ಮೂರು ಶರಟು ಸುರುಳಿಯಾದವು. ಮಿಕ್ಕಿದ್ದನ್ನೆಲ್ಲ ಪಂಚೆಗೆ ವಹಿಸಿದೆ. ಉಟ್ಟರೆ ಉಡುಪು, ಹೊದ್ದರೆ ಹೊದಿಕೆ, ಗಂಗೆಯಲ್ಲಿ ಮುಳುಗಿ ಎದ್ದರೆ ಟವೆಲು, ಬರ್ತಿಗೆ ಅಡ್ಡ ಕಟ್ಟಿದರೆ ಪರದೆ. ಅಂಚಿನಲ್ಲಿ ಒಂದೆಳೆ ಜರಿಯಿದ್ದರೆ ಸಭೆಗೂ ಸೈ. ಚಳಿಗೆ ಮಂಕಿ ಕ್ಯಾಪು. ಡಿಸೆಂಬರಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವ ನಿವೃತ್ತರನ್ನು ಕಂಡವರಿಗೆ, ಮಂಕಿ ಕ್ಯಾಪು ಮೈಸೂರಿನ ಎರಡನೆಯ ಪೇಟ ಎಂದು ಬೇರೆ ಹೇಳಬೇಕಾಗಿಲ್ಲ.

ನನ್ನಾಕೆ ನನ್ನನ್ನೂ ಮೀರಿಸಿದಳು. ಅವಳು ತೆಗೆದಿಟ್ಟದ್ದು ನಾಲ್ಕು ಕಾಟನ್ ಚೂಡಿದಾರ, ಒಂದು ಮೈಸೂರು ಸಿಲ್ಕ್ ಸೀರೆ. ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಹಗುರವಾಗಿ ಪ್ರಯಾಣ ಮಾಡುವವರಿಗೆ ನಮ್ಮೂರು ಕೊಟ್ಟಿರುವ ಕಾಣಿಕೆ ಇದೊಂದೇ ಎಂದು ನನಗೆ ಆಗ ಹೊಳೆಯಿತು. ನೂಲಿಗೆ ಬಿಗಿಯಾಗಿ ಹುರಿ ಹಾಕಿ ನೇಯುವ ಕ್ರೇಪ್ ರೇಷ್ಮೆ ಅದು. ಸುಕ್ಕು ಸುಲಭಕ್ಕೆ ಕೂರುವುದಿಲ್ಲ, ಮೈಗೆ ಮೆತ್ತಗೆ ಇಳಿಬೀಳುತ್ತದೆ, ಮಡಿಸಿದರೆ ನೋಟ್‌ಬುಕ್ಕಿನಷ್ಟು ಜಾಗ ಸಾಕು. ಕಾಂಚೀಪುರದ ಭಾರಿ ಜರಿಯ ಸೀರೆಯಾಗಿದ್ದರೆ ಅದಕ್ಕೊಂದು ಬರ್ತು ಬೇರೆ ಕಾದಿರಿಸಬೇಕಿತ್ತು. ಬ್ಯಾಗು ಹಿಡಿದು ಒಮ್ಮೆ, ಬಿಟ್ಟು ಒಮ್ಮೆ ತೂಕದ ಯಂತ್ರದ ಮೇಲೆ ನಿಂತು ಕಳೆದು ನೋಡಿದೆ. ಎರಡೂ ಬ್ಯಾಗು ಸೇರಿ 15 ಕಿಲೋ ದಾಟಲಿಲ್ಲ.

ಅಷ್ಟರಲ್ಲಿ ಸುದ್ದಿ ಸರಸ್ವತಿಪುರಂ ಪೂರ್ತಿ ಹಬ್ಬಿತ್ತು.

ಮೊದಲು ಬಂದವರು ಎದುರು ಮನೆಯವರು. "ಮೇಷ್ಟ್ರೇ, ಹೆಂಗೂ ಹೋಗ್ತಾ ಇದ್ದೀರಲ್ಲ. ನಮ್ಮ ಹುಡುಗ ಅಲ್ಲೇ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದ್ತಿದಾನೆ. ಒಂದೆರಡು ಕೇಜಿ ಮೈಸೂರ್ ಪಾಕು, ಅಷ್ಟೇ." ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿಯವರು, ಪಾಕು ಹುಟ್ಟಿದ್ದು ಅವರದೇ ಅರಮನೆಯ ಅಡುಗೆಮನೆಯಲ್ಲಿ, ಕಾಕಾಸುರ ಮಾದಪ್ಪನವರ ಕೈಯಲ್ಲಿ ಎನ್ನುತ್ತಾರೆ. ಒಲ್ಲೆ ಎಂದರೆ ರಾಜದ್ರೋಹವಾಗುತ್ತಿತ್ತು. ಆಮೇಲೆ ಹಿಂದಿನ ಬೀದಿಯವರು ಒಂದು ಡಜನ್ ಮೈಸೂರು ಸ್ಯಾಂಡಲ್ ಸೋಪು ತಂದರು. ಕೊನೆಗೆ ನನ್ನಾಕೆಯ ಸ್ನೇಹಿತೆ, ಕಾಶಿಯಲ್ಲಿರುವ ತಂಗಿಗೆ ವಾಂಗಿಬಾತಿನ ಆಸೆಯೆಂದು ಮೂರು ಕಿಲೋ ಈರನಗೆರೆ ಬದನೆಕಾಯಿ.

ತಂದವರೆಲ್ಲ ಷರತ್ತನ್ನೂ ಜೊತೆಗೇ ತಂದಿದ್ದರು. ಪಾಕಿನ ಮೇಲೆ ಏನೂ ಇಡಬಾರದು, ಒಡೆಯುತ್ತದೆ. ಅದರ ಪಕ್ಕದಲ್ಲಿ ಸೋಪಿರಬಾರದು, ವಾಸನೆ ಹಿಡಿಯುತ್ತದೆ. ಬದನೆಗೆ ಗಾಳಿಯಾಡಬೇಕು, ಆದರೆ ನಲುಗಬಾರದು. ಹೀಗೆ ಒಂದೊಂದಕ್ಕೂ ಒಂದೊಂದು ಚೀಲವಾಯಿತು. ಬಟ್ಟೆ ಎಷ್ಟೆಂದರೂ ಸುರುಳಿಯಾಗುತ್ತದೆ. ಮೈಸೂರಿನವರ ದಾಕ್ಷಿಣ್ಯ ಮಾತ್ರ ಸುತ್ತುವುದಕ್ಕೂ ಬಗ್ಗುವುದಿಲ್ಲ, ಮಡಿಸುವುದಕ್ಕೂ ಬಗ್ಗುವುದಿಲ್ಲ. ವಾರಾಣಸಿ ಎಕ್ಸ್‌ಪ್ರೆಸ್ ಹತ್ತಲು ಹೊರಟಾಗ ಆಟೋದವನು ತಾನಾಗಿಯೇ ಇಳಿದು ಬಂದು, "ಕೊಡಿ ಯಜಮಾನ್ರೇ" ಎಂದು ಚೀಲಕ್ಕೆ ಕೈಹಾಕಿದ. ಹೋದ ಮರ್ಯಾದೆ ಬದನೆಕಾಯಿಯಿಂದ ಬಂತು.

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣು, ಒಂದು ತರಕಾರಿ ಬಿಟ್ಟುಬರುವುದು ರೂಢಿ. ಲೋಕವೆಲ್ಲ ಕಾಶಿಗೆ ಹೋಗಿ ತರಕಾರಿ ಬಿಟ್ಟರೆ ನಾವು ಹೊತ್ತುಕೊಂಡು ಹೋಗಿದ್ದೆವು. ತಲುಪಿಸಬೇಕಾದದ್ದನ್ನೆಲ್ಲ ತಲುಪಿಸಿ, ಬರಿಗೈಯಲ್ಲಿ ಹನುಮಾನ್ ಘಾಟಿನ ಮೆಟ್ಟಿಲು ಇಳಿಯುವಾಗ ಮೋಕ್ಷವೆಂದರೆ ಇಷ್ಟೇ ಇರಬಹುದು ಅನ್ನಿಸಿತು. ಆ ಮೋಕ್ಷ ಮಧ್ಯಾಹ್ನದವರೆಗೆ ಉಳಿಯಿತು. ಬೀದಿಯ ಮನೆಮನೆಗೂ ಒಂದೊಂದು ಗಂಗಾಜಲದ ತಾಮ್ರದ ಗಿಂಡಿ, ಕಾಶಿದಾರ ಎಂದು ಮೈಸೂರಿನಿಂದ ಫೋನು ಬರತೊಡಗಿತು. ಹಗುರ ಸೀರೆಯ ಒಡತಿ ಅಷ್ಟರಲ್ಲಿ ಬನಾರಸಿ ಅಂಗಡಿಯೊಳಗೆ ಹೋಗಿಯಾಗಿತ್ತು.

ಬಿಡುವ ಸಂಕಲ್ಪದ ಹೊತ್ತಿಗೆ ನಾನು ಪುರೋಹಿತರನ್ನು ಕೇಳಿದೆ: "ದಾಕ್ಷಿಣ್ಯ ಬಿಡಬಹುದೇ?"

"ಪ್ರಿಯವಾದದ್ದನ್ನೇ ಬಿಡಬೇಕು ರಾಯರೇ. ಕಾಟ ಕೊಡೋದನ್ನ ಬಿಟ್ರೆ ಏನು ಪುಣ್ಯ?" ಅಂದರು.

ಹಾಗಾದರೆ ಬದನೆಕಾಯಿ ಎಂದೆ. ವಾಂಗಿಬಾತು ನನಗೆ ಪ್ರಾಣ. ಆದರೆ ಕಾಶಿಯಲ್ಲಿ ಬದನೆ ಬಿಟ್ಟವನ ಕೈಗೆ ಇನ್ನು ಯಾರೂ ಬದನೆ ಚೀಲ ಕೊಡುವ ಹಾಗಿಲ್ಲ, ಶಾಸ್ತ್ರವೇ ಅಡ್ಡ ಬರುತ್ತದೆ. ಮೂರು ಕಿಲೋ ಒಂದೇ ಮಾತಿನಲ್ಲಿ ಇಳಿಯಿತು. ಅದೇ ಹುಮ್ಮಸ್ಸಿನಲ್ಲಿ ಮೈಸೂರು ಪಾಕಿನ ವಿಷಯವನ್ನೂ ಎತ್ತಿದೆ. ಅದು ಹಣ್ಣೂ ಅಲ್ಲ, ತರಕಾರಿಯೂ ಅಲ್ಲ, ಬಿಡಲು ಬರುವುದಿಲ್ಲ ಎಂದು ಪುರೋಹಿತರು ತೀರ್ಪು ಕೊಟ್ಟರು. ನಾನೂ ವಾದ ಬೆಳೆಸಲು ಹೋಗಲಿಲ್ಲ.