‘ಝ’ಕಾರ ಜಿಜ್ಞಾಸೆ: ಕುಷ್ಟಗಿಯ ಬೀದರ ಯಾದಿಯ ಗ್ರಂಥಸಂಪಾದನೆ

ಕುಷ್ಟಗಿ ಸೀಮೆಯ ಪ್ರವಾಸ ವಾಙ್ಮಯದಲ್ಲಿ ‘ಬೀದರ ಯಾದಿ’ಗೆ ಸಲ್ಲಬೇಕಾದ ಸ್ಥಾನವನ್ನು ವಿದ್ವಾಂಸರು ಇದುವರೆಗೂ ಕೊಟ್ಟಿಲ್ಲ. ಯಾದಿಯನ್ನು ಅವರಿಗೆ ಯಾರೂ ತೋರಿಸಿಲ್ಲ ಎಂಬುದು ಬೇರೆ ಮಾತು. ಕೃತಿಯ ಮೂರು ಪ್ರತಿಗಳು ಉಪಲಬ್ಧವಿವೆ. ಲಗ್ನಪತ್ರಿಕೆಯ ಬೆನ್ನಿನ ಮೇಲೆ ನೀಲಿ ಪೆನ್ನಿನಲ್ಲಿ ಬರೆದದ್ದು ‘ಕ’ ಪ್ರತಿ. ಅಡುಗೆಮನೆಯ ಮೊಳೆಗೆ ಚುಚ್ಚಿಟ್ಟಿದ್ದರಿಂದ ಇದರ ನಡುವೆ ಓಲೆಗರಿಗಿರುವಂತೆ ಒಂದು ತೂತಿದೆ. ಪ್ರಾಚೀನತೆಗೆ ಬೇರೆ ಸಾಕ್ಷಿ ಬೇಕಿಲ್ಲ. ಕಿರಾಣಿ ಅಂಗಡಿಯ ಚೀಟಿಯ ಮೇಲಿನದು ‘ಖ’. ಇದರಲ್ಲಿ ತೊಗರಿಬೇಳೆ, ಬೆಲ್ಲಗಳೂ ಕ್ಷೇತ್ರಗಳ ಸಾಲಿನಲ್ಲೇ ಬರುತ್ತವೆ. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿರುವುದು ‘ಗ’. ಲಿಪಿಕಾರರು ಬಹಳ, ಆದ್ದರಿಂದ ಭ್ರಷ್ಟಪಾಠ. ಮೂರರಲ್ಲೂ ಸಮಾನವಾಗಿರುವ ಊರು ಬೀದರ ಒಂದೇ. ಅದೇ ಮೂಲಪಾಠ, ಉಳಿದದ್ದು ಪ್ರಕ್ಷಿಪ್ತ ಎಂಬುದು ಈ ಸಂಪಾದಕನ ಸಿದ್ಧಾಂತ.

ಪ್ರಕ್ಷೇಪ ನಡೆದ ಬಗೆಯನ್ನು ಅರಿಯಲು ದಾರಿಯನ್ನು ಅರಿಯಬೇಕು. ಕುಷ್ಟಗಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50 ಚಿತ್ರದುರ್ಗದಿಂದ ಹೊರಟು ಹೊಸಪೇಟೆ, ವಿಜಯಪುರ, ಕಲಬುರಗಿ, ಬೀದರಗಳನ್ನು ಮುಟ್ಟಿ ನಾಂದೇಡದವರೆಗೆ ಹೋಗುತ್ತದೆ. ಅಂದರೆ ಗುರು ಗೋಬಿಂದ್ ಸಿಂಗರು 1708ರಲ್ಲಿ ದೇಹಬಿಟ್ಟ ಊರಿಗೂ ನಮ್ಮೂರಿಗೂ ನಡುವೆ ಇರುವುದು ಒಂದೇ ರಸ್ತೆ. ಇಷ್ಟು ನೆಟ್ಟಗಿನ ದಾರಿಗೆ ಯಾದಿಯೇ ಬೇಡ. ಆದರೆ ಸೋದರತ್ತೆಯವರು ಪ್ರತಿಪಾದಿಸಿದ ‘ದಾರ್ಯಾಗ ಐತಿ’ ನ್ಯಾಯವನ್ನು ಕಡೆಗಣಿಸುವಂತಿಲ್ಲ. ಈ ನ್ಯಾಯದ ಪ್ರಕಾರ ಹುನಗುಂದ ದಾಟಿದರೆ ಕೂಡಲಸಂಗಮ ದಾರ್ಯಾಗ ಐತಿ. ಕಲಬುರಗಿಯ ಶರಣಬಸಪ್ಪ ದಾರ್ಯಾಗ ಐತಿ. ಅಫಜಲಪುರ ತಾಲ್ಲೂಕಿನ ಗಾಣಗಾಪುರವೂ, ಹುಮನಾಬಾದಿನಿಂದ ಪಶ್ಚಿಮಕ್ಕೆ ಹೊರಳಬೇಕಾದ ಬಸವಕಲ್ಯಾಣವೂ ದಾರ್ಯಾಗ ಅದಾವ. ಭೂಪಟ ತೋರಿಸಿ ಆಕ್ಷೇಪಿಸಿದವರಿಗೆ ಅತ್ತೆಯವರ ಉತ್ತರ: “ಅಷ್ಟು ದೂರ ಹೋಗಿ ದತ್ತಗ ಕೈಮುಗೀದ ಬಂದ್ರ ಏನಂದಾನು?” ಈ ಪ್ರಮಾಣಕ್ಕೆ ಪ್ರತಿಪ್ರಮಾಣವಿಲ್ಲ.

ಇದಕ್ಕೆ ನೇರ ವಿರುದ್ಧವಾದದ್ದು ಕಾಕಾನ ಸ್ವಸ್ಥಳ ಪಂಥ. ‘ನಮ್ಮಲ್ಲಿ ಏನ್ ಕಡಿಮಿ ಐತಿ’ ಎಂಬುದು ಇದರ ಮಹಾವಾಕ್ಯ. ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಅಂಜನಾದ್ರಿ ಇದೆ, ಹುಲಿಗೆಮ್ಮ ಇದ್ದಾಳೆ. ವಾದ ಗಟ್ಟಿ. ಕಾಕಾ ಇಟಗಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದು, ನೋಡಿದ್ದೂ ಗುಡಿಯನ್ನಲ್ಲ, ಊರಿನ ಬೋರ್ಡನ್ನು ಎಂಬುದರಿಂದ ವಾದಕ್ಕೆ ಕುಂದಿಲ್ಲ. ಗುರುದ್ವಾರವೆಂದರೆ ಪಂಜಾಬಿನವರದು, ನಮಗೇನು ಸಂಬಂಧ ಎಂಬ ಅವರ ಉಪವಾದವನ್ನು ಮಾತ್ರ ಖಂಡಿಸಲೇಬೇಕು. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗರು ಕತ್ತಿ ಹಿರಿದು ತಲೆ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನ ಸಾಹಿಬ್ ಸಿಂಗ್. ಕ್ಷೌರಿಕರ ಮನೆತನದವರೆಂದು ಸಿಖ್ ಪರಂಪರೆ ಹೇಳುತ್ತದೆ. ಹಡಪದ ಅಪ್ಪಣ್ಣನ ಕಲ್ಯಾಣ ಬೀದರ ಜಿಲ್ಲೆಯಲ್ಲೇ ಇದೆ. ಗುರುವಿನ ಜೊತೆ ಯುದ್ಧಕ್ಕಿಳಿದಿದ್ದ ಮಾಯಿ ಭಾಗೋ ಕೊನೆಗಾಲವನ್ನು ಕಳೆದದ್ದು ಬೀದರದ ಮಗ್ಗುಲಿನ ಜನವಾಡದಲ್ಲಿ. ಇದನ್ನು ಕೇಳಿದ ಕಾಕಾ ಸುಮ್ಮನಾದರು. ಒಪ್ಪಿದರೆಂದು ಅರ್ಥವಲ್ಲ, ಚಹಾ ಬಂದಿತ್ತು.

ಈಗ ಪ್ರಬಂಧದ ಹೃದಯಭಾಗಕ್ಕೆ ಬರೋಣ. ‘ಕ’ ಪ್ರತಿಯ ಎರಡನೇ ಸಾಲು ‘ಬೀದರ — ಝ’ ಎಂದು ಆರಂಭವಾಗುತ್ತದೆ. ಮುಂದಿನ ಅಕ್ಷರಗಳ ಮೇಲೆ ಮಿರ್ಚಿಯ ಎಣ್ಣೆ ಕುಳಿತಿದೆ. ಬಿಸಿಲಿಗೆ ಹಿಡಿದು ನೋಡಿದರೂ ಕಾಣುವುದು ಆಚೆಬದಿಯ ವರನ ಹೆಸರೇ. ಇಲ್ಲಿ ಎರಡು ಪಂಥ. ಒಂದು ಪಂಥದ ಪಾಠ ‘ಝೀರಾ’, ಅಂದರೆ ಗುರುದ್ವಾರ ನಾನಕ್ ಝೀರಾ ಸಾಹಿಬ್. ಇನ್ನೊಂದು ಪಂಥದ ಪಾಠ ‘ಝರಣಿ’, ಅಂದರೆ ಝರಣಿ ನರಸಿಂಹ. ಎರಡೂ ಬೀದರದಲ್ಲೇ, ಎರಡೂ ‘ಝ’ದಿಂದಲೇ, ಎರಡೂ ನೀರಿನಿಂದಲೇ ಹುಟ್ಟಿದ ಕ್ಷೇತ್ರಗಳಾದ್ದರಿಂದ ಸಂಪಾದಕನ ಸಂಕಟ ಓದುಗರಿಗೆ ಅರ್ಥವಾದೀತು.

ಝೀರಾ ಪಂಥದ ಕಥೆ ಹೀಗಿದೆ. 16ನೇ ಶತಮಾನದ ಆರಂಭದಲ್ಲಿ ಗುರು ನಾನಕರು ದಕ್ಷಿಣ ಯಾತ್ರೆಯಲ್ಲಿ ಬೀದರಕ್ಕೆ ಬಂದಾಗ ಜನ ಕುಡಿಯುವ ನೀರಿಲ್ಲದೆ ಬಳಲುತ್ತಿದ್ದರು. ಗುರುಗಳು ಪಾದುಕೆಯಿಂದ ಕಲ್ಲೊಂದನ್ನು ಸರಿಸಿದರು, ಸಿಹಿನೀರು ಚಿಮ್ಮಿತು. ಆ ಸೆಲೆ ಇಂದಿಗೂ ಹರಿದು ಅಮೃತಕುಂಡಕ್ಕೆ ಸೇರುತ್ತದೆ. ಗುರುದ್ವಾರ ಎದ್ದದ್ದು 1948ರಲ್ಲಿ. ಝರಣಿ ಪಂಥದ ಕಥೆಯಲ್ಲಿ ನರಸಿಂಹನ ಕೈಯಲ್ಲಿ ಸತ್ತ ಜಲಾಸುರ ನೀರಾಗಿ ಹರಿದ. ಅಲ್ಲಿ ದೇವರಿರುವುದು ಗವಿಯ ಕೊನೆಯಲ್ಲಿ. ಸುಮಾರು 300 ಮೀಟರ್ ಸುರಂಗದಲ್ಲಿ ಸೊಂಟದಿಂದ ಎದೆಯವರೆಗಿನ ನೀರಿನಲ್ಲಿ, ತಲೆಯ ಮೇಲೆ ಬಾವಲಿಗಳು ತೂಗುತ್ತಿರುವಾಗ ನಡೆದು ಹೋಗಬೇಕು; ಕೂಸುಗಳು ಅಪ್ಪನ ಹೆಗಲೇರುತ್ತವೆ. ಪಾಪನಾಶದ ಶಿವನ ಗುಡಿಯ ಕೊಳಕ್ಕೂ ಸೆಲೆಯ ನೀರೇ. ಭೂವಿಜ್ಞಾನಿಗಳು ಪಂಥಭೇದ ಎಣಿಸದೆ ಎಲ್ಲಕ್ಕೂ ಒಂದೇ ಕಾರಣ ಕೊಡುತ್ತಾರೆ: ಬೀದರ ಕುಳಿತಿರುವ ಕೆಂಪು ಜಂಬಿಟ್ಟಿಗೆ ಕಲ್ಲು ತೂತುತೂತಾದದ್ದು, ಮಳೆನೀರು ಅದರೊಳಗೆ ಇಳಿಯುತ್ತದೆ, ಕೆಳಗಿನ ಕಪ್ಪುಕಲ್ಲು ತಡೆದಲ್ಲಿ ಪಕ್ಕಕ್ಕೆ ಹರಿದು ಸೆಲೆಯಾಗಿ ಹೊರಬೀಳುತ್ತದೆ. ಬಹಮನಿಗಳ ಕಾಲದ ಸುರಂಗ ಬಾವಿಗಳೂ ಇದೇ ಗುಟ್ಟನ್ನು ನಂಬಿ ತೋಡಿದವು. ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿಯಾದ ಹಳ್ಳಿಗಳಿರುವ ತಾಲ್ಲೂಕಿನವರು ಈ ಮೂರೂ ಕಥೆಗಳನ್ನು ಬೇಗ ನಂಬುತ್ತಾರೆ. ಸಿಹಿನೀರು ಬಂತು ಎಂದರೆ ನಮ್ಮಲ್ಲಿ ಅದರ ಮೇಲೆ ಬೇರೆ ಪವಾಡ ಕೇಳುವ ರೂಢಿಯಿಲ್ಲ.

ತೊಡಕನ್ನು ಬಿಡಿಸಿದ್ದು ‘ಖ’ ಪ್ರತಿಯ ಒಂದು ಸಾಲು: ‘ಟಾವೆಲ್ಲು ಒಬ್ರಿಗೆ 2’. ಹಿಂದಿನ ಸಂಪಾದಕ (ಮಾವನವರ ಮಗ) ಇದನ್ನು ಲಿಪಿಕಾರನ ಪ್ರಮಾದವೆಂದು ತಿದ್ದಿ 1 ಮಾಡಿದ್ದ. ಝರಣಿಯಷ್ಟೇ ಆಗಿದ್ದರೆ ಮೈ ಒರೆಸಲು ಒಂದು ಸಾಕು. ಝೀರಾ ಅಷ್ಟೇ ಆಗಿದ್ದರೆ ತಲೆ ಮುಚ್ಚಲು ಒಂದು ಸಾಕು. ಎರಡು ಎಂದರೆ ಎರಡೂ. ಗುರುದ್ವಾರದ ಬಾಗಿಲಲ್ಲೇ ತಲೆಗೆ ಬಟ್ಟೆ ಕೊಡುತ್ತಾರಲ್ಲ ಎಂದವರಿಗೆ ಅತ್ತೆ, “ನಿಮ್ಮ ಕಾಕಾ ಮಂದಿ ತಲಿಮ್ಯಾಗಿಂದು ಸುತ್ಕೊಳ್ಳಂಗಿಲ್ಲಪಾ” ಎಂದು ಪ್ರಶ್ನೆ ಮುಗಿಸಿದರು. ತಲೆಗೆ ಒಣ ಟಾವೆಲ್ಲೇ ಬೇಕಾದ್ದರಿಂದ ಮೊದಲು ಝೀರಾ, ಆಮೇಲೆ ಝರಣಿ ಎಂಬ ದರ್ಶನಕ್ರಮವೂ ಸಿದ್ಧಿಸಿತು. ಹೆಂಗಸರಿಗೆ ಸೆರಗಿರುವಾಗ ಅವರ ಎರಡನೇ ಟಾವೆಲ್ಲು ಏಕೆ? ಖಡಕ್ ರೊಟ್ಟಿ ಕಟ್ಟಿಕೊಳ್ಳಲು. ಲಂಗರಿನಲ್ಲಿ ಬಂದವರಿಗೆಲ್ಲ ಊಟವಿದೆ, ಜಾತಿ ಕೇಳದೆ ಸಾಲಾಗಿ ಕೂಡಿಸಿ ಬಡಿಸುತ್ತಾರೆ ಎಂದು ತಿಳಿಸಿದಾಗ ಅತ್ತೆ ಸಂತೋಷಪಟ್ಟರು. ಅಲ್ಲಿಯದು ಗೋಧಿ ರೊಟ್ಟಿ ಎಂದು ತಿಳಿದ ಮೇಲೆ ಬುತ್ತಿಯನ್ನು ಇನ್ನಷ್ಟು ದೊಡ್ಡದು ಮಾಡಿದರು.

‘ಗ’ ಪ್ರತಿ ಬೀದರಕ್ಕೆ ನಿಲ್ಲದೆ ನಾಂದೇಡಕ್ಕೆ ಹೋಗುತ್ತದೆ. ಗೋದಾವರಿ ದಂಡೆಯ ಹಜೂರ್ ಸಾಹಿಬ್ ಸಿಖ್ಖರ ಐದು ತಖ್ತ್‌ಗಳಲ್ಲಿ ಒಂದು, ಮಹಾರಾಜ ರಣಜೀತ್ ಸಿಂಗ್ 1832ರಿಂದ 1837ರವರೆಗೆ ಕಟ್ಟಿಸಿದ್ದು. ಈ ಪಾಠವನ್ನು ತಿರಸ್ಕರಿಸಿದ್ದು ನಾನಲ್ಲ, ಕ್ರೂಸರ್ ಮಾಲಕ: “ಮಹಾರಾಷ್ಟ್ರ ಅಂದ್ರ ಪರ್ಮಿಟ್ ಮಾಡಸ್ಬೇಕ್ರಿ, ರೇಟ್ ಬ್ಯಾರೆ.” 1956ರವರೆಗೆ ಕುಷ್ಟಗಿ, ಬೀದರ, ನಾಂದೇಡ ಮೂರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವೆಂಬ ಐತಿಹಾಸಿಕ ಸತ್ಯವನ್ನು ಅವನ ಗಮನಕ್ಕೆ ತಂದೆ. ಡೀಸೆಲ್ ದರ ಆಗ ಎಷ್ಟಿತ್ತೆಂದು ಕೇಳಿದ.

ಉಳಿದದ್ದು ಕಾಲನಿರ್ಣಯ. ಗುರು ನಾನಕ ಜಯಂತಿ ಕಾರ್ತಿಕ ಹುಣ್ಣಿಮೆಗೆ. ಝೀರಾಕ್ಕೆ ಹೋಗಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಆದರೆ ಅದೇ ನಮ್ಮ ಗೌರಿ ಹುಣ್ಣಿಮೆ. ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಗೌರಿ ಬೆಳಗಲು ಹೊರಡುವ ಸಂಜೆ ಮನೆಗೆ ಬೀಗ ಹಾಕುವವರು ಯಾರು? ‘ಖ’ ಪ್ರತಿಯ ಅಂಚಿನಲ್ಲಿ ‘ಕಡ್ಲಿ ರಾಶಿ ಆದಮ್ಯಾಗ’ ಎಂದಿದೆ. ಬಹುಮತವೂ ಆ ಕಡೆಗೇ ಇರುವುದರಿಂದ ಅದನ್ನೇ ಶುದ್ಧಪಾಠವಾಗಿ ಸ್ವೀಕರಿಸಿ ಕ್ರೂಸರ್ ಮಾಲಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನ ಟಿಪ್ಪಣಿ: “ತಾರೀಖ್ ಹೇಳ್ರೀ ಸರ್. ರಾಶಿ ಆದಮ್ಯಾಗ ಲಗ್ನದ ಸೀಜನ್ ಐತಿ, ಅಡ್ವಾನ್ಸ್ ಕೊಟ್ಟೋರ್ ಗಾಡಿ ಒಯ್ತಾರ.”