ಬಾನೆಟ್ಟಿನ ಮೇಲಿನ ಗೀರೂ ಬ್ರಷ್ಷಿನ ಮೇಲಿನ ಗುಮಾನಿಯೂ

ಗಿರಗಿರನೆ ತಿರುಗುವ ಬ್ರಷ್ಷುಗಳ ನಡುವೆ ಕಾರನ್ನು ತೂರಿಸಿ ತೊಳೆಯುವ ಯಂತ್ರದ ಬಗ್ಗೆ ಬೆಂಗಳೂರಿನ ಕಾರು ಮಾಲೀಕರಿಗೆ ಇರುವಷ್ಟು ಗುಮಾನಿ ಆದಾಯ ತೆರಿಗೆಯವರ ಬಗ್ಗೆಯೂ ಇದ್ದಂತಿಲ್ಲ. 'ಅದರೊಳಗೆ ಬಿಟ್ರೆ ಪೇಂಟೇ ಕಿತ್ಕೊಂಡ್ ಬರುತ್ತೆ ಸಾರ್' ಎನ್ನದ ಮೆಕ್ಯಾನಿಕ್ ಇಲ್ಲ, ಅದಕ್ಕೆ ತಲೆದೂಗದ ಗಿರಾಕಿಯೂ ಇಲ್ಲ. ಇದೇ ಗಿರಾಕಿ ಬೆಳಿಗ್ಗೆ ಆರು ಗಂಟೆಗೆ ತನ್ನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರಿಗೆ ಏನಾಗುತ್ತಿದೆ ಎಂದು ಒಂದು ದಿನವೂ ಇಳಿದು ನೋಡಿದವನಲ್ಲ. ಅಲ್ಲಿ ಒಂದು ಬಕೆಟ್ಟು, ಒಂದು ಹಳೇ ಬನಿಯನ್ನು, ಸಾಲಾಗಿ ನಿಂತ ಹತ್ತಾರು ಕಾರುಗಳು ಇರುತ್ತವೆ. ಬನಿಯನ್ನನ್ನು ಅದ್ದುವುದು, ಹಿಂಡುವುದು, ಒರೆಸುವುದು, ಮತ್ತೆ ಅದೇ ನೀರಿಗೆ ಅದ್ದುವುದು. ಸಾಲಿನ ಮೊದಲ ಕಾರಿಗೆ ನೀರು ಸಿಗುತ್ತದೆ; ಕೊನೆಯ ಕಾರಿಗೆ ಸಿಗುವುದು ಮುಂದಿನ ಅಷ್ಟೂ ಕಾರುಗಳ ಧೂಳು. ಒರೆಸುವವನ ತಪ್ಪು ಇದರಲ್ಲಿ ಏನೂ ಇಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು, ಎರಡನೇ ಬಕೆಟ್ಟಿಗೆ ನಲ್ಲಿ ಬಿಡದೆ, ಎಂಟು ಗಂಟೆಯೊಳಗೆ ಎಲ್ಲವೂ ಫಳಫಳ ಎನ್ನಬೇಕು ಎಂದು ಹೇಳುವವರು ನಾವು. ಬ್ರಷ್ಷಿಗೆ ಹೆದರಿ ಬನಿಯನ್ನಿಗೆ ಬಾನೆಟ್ಟು ಒಪ್ಪಿಸುವ ಈ ನಂಬಿಕೆ ಎಲ್ಲಿಂದ ಬಂತು ಎನ್ನುವುದೇ ಸೋಜಿಗ. ನನ್ನ ವಾದ ಇಷ್ಟೇ: ಬಣ್ಣವನ್ನು ಗೀರುವುದು ಬ್ರಷ್ಷೂ ಅಲ್ಲ, ಬನಿಯನ್ನೂ ಅಲ್ಲ, ನಡುವೆ ಸಿಕ್ಕಿಕೊಂಡ ಮರಳಿನ ಕಣ. ಅದನ್ನು ಮೊದಲು ಇಳಿಸಿ ಆಮೇಲೆ ಕಾರು ಮುಟ್ಟುವವರು ಯಾರೋ ಅವರ ಕೈಯಲ್ಲಿ ಬಣ್ಣ ಉಳಿಯುತ್ತದೆ. ಅದು ಯಂತ್ರದ ಕೈಯಾದರೂ ಸರಿ.

ಕಾರಿನ 'ಬಣ್ಣ' ಎಂದು ನಾವು ಸವರಿ ಸಂತೋಷಪಡುವುದು ನಿಜಕ್ಕೆ ಬಣ್ಣವೇ ಅಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣದ ಪದರ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪದರ. ಹೊಳಪೆಲ್ಲ ಈ ಕೊನೆಯದರದು. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು. ತಲೆಗೂದಲು ಸಾಮಾನ್ಯವಾಗಿ ಇದಕ್ಕಿಂತ ದಪ್ಪ. ಹತ್ತಿಪ್ಪತ್ತು ಲಕ್ಷ ಕೊಟ್ಟು ತಂದ ಗಾಡಿಯ ಮಾನವೆಲ್ಲ ಒಂದು ಕೂದಲೆಳೆಯೊಳಗೆ ಇದೆ ಎಂದು ಷೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ಇನ್ನು ಧೂಳಿನ ಕಡೆ ಬನ್ನಿ. ಬೆಂಗಳೂರು ನಿಂತಿರುವುದೇ ಕಲ್ಲುಬಂಡೆಯ ಮೇಲೆ. ನದಿ ಮರಳು ಸಿಗದ ಈ ಕಾಲದಲ್ಲಿ ಅದೇ ಜಾತಿಯ ಬಂಡೆಯನ್ನು ಕ್ರಷರ್‌ನಲ್ಲಿ ಪುಡಿ ಮಾಡಿ ಎಂ-ಸ್ಯಾಂಡ್ ಎಂದು ಲಾರಿಗೆ ತುಂಬುತ್ತೇವೆ. ಲಾರಿ ಅದನ್ನು ದಾರಿಯುದ್ದಕ್ಕೂ ಎಲ್ಲರಿಗೂ ಸಮನಾಗಿ ಹಂಚುತ್ತಾ ಹೋಗುತ್ತದೆ. ಈ ಪುಡಿಯಲ್ಲಿ ಬೆಣಚುಕಲ್ಲಿನ ಕಣಗಳು ಧಾರಾಳ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿಗೆ 7. ಮಾಮೂಲಿ ಚಾಕುವಿನ ಅಲಗಿಗೇ ಸುಮಾರು ಐದೂವರೆ. ಚಾಕುವನ್ನೇ ಗೀರಬಲ್ಲ ಪುಡಿ ಬಾನೆಟ್ಟಿನ ಮೇಲೆ ಕೂತಿರುವಾಗ ಅದನ್ನು ಒಣಬಟ್ಟೆಯಲ್ಲಿ ಒರೆಸಿದರೆ ಅದು ಕಾರು ಒರೆಸಿದಂತಲ್ಲ, ಹಿತ್ತಾಳೆ ಚೆಂಬನ್ನು ಮರಳು ಹಾಕಿ ಬೆಳಗಿದಂತೆ. ಚೆಂಬಿಗೆ ಅದು ಒಗ್ಗುತ್ತದೆ, ಅದು ಹಿತ್ತಾಳೆ.

'ಆದರೆ ನೋಡಿ, ಗೀರುಗಳು ದುಂಡಗೇ ಇವೆಯಲ್ಲ, ತಿರುಗುವ ಬ್ರಷ್ಷಿನದೇ ಕೆಲಸ' ಎನ್ನುವುದು ಯಂತ್ರದ ವಿರುದ್ಧ ನಮ್ಮ ಜನ ತರುವ ಅತಿ ದೊಡ್ಡ ಸಾಕ್ಷಿ. ಕಪ್ಪು ಕಾರನ್ನು ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿದಾಗ ಬಾನೆಟ್ಟಿನಲ್ಲಿ ಸೂರ್ಯನ ಪ್ರತಿಬಿಂಬದ ಸುತ್ತ ಸಣ್ಣಸಣ್ಣ ಗೀರುಗಳು ಸುತ್ತುಸುತ್ತಾಗಿ ಕಾಣುವುದು ನಿಜ. ಸಾಕ್ಷಿಯನ್ನು ಸ್ವಲ್ಪ ಪಾಟೀಸವಾಲಿಗೆ ಗುರಿಪಡಿಸೋಣ. ಕಾರನ್ನು ಬಿಟ್ಟು ನೀವು ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ: ಪ್ರತಿಬಿಂಬವೂ ಸರಿಯುತ್ತದೆ, ಗೀರಿನ ಸುತ್ತುಗಳೂ ಅದರ ಜೊತೆಗೇ ಹೊರಡುತ್ತವೆ. ತಗಡಿನ ಮೇಲೆ ದುಂಡಗೆ ಕೊರೆದ ಗೀರಾಗಿದ್ದರೆ ಅದು ಇದ್ದಲ್ಲೇ ಇರಬೇಕಿತ್ತು. ನಡೆಯುತ್ತಿರುವುದು ಬೇರೆ. ಬಾನೆಟ್ಟಿನ ಮೇಲೆ ಸಾವಿರಾರು ಗೀರುಗಳು ಎಲ್ಲ ದಿಕ್ಕಿಗೂ ಬಿದ್ದಿವೆ. ಬೆಳಕಿಗೆ ಅಡ್ಡವಾಗಿ ಮಲಗಿದವು ಮಾತ್ರ ಆ ಬೆಳಕನ್ನು ನಮ್ಮ ಕಣ್ಣಿಗೆ ಹಾಯಿಸುತ್ತವೆ, ಉಳಿದವು ಸುಮ್ಮನಿರುತ್ತವೆ. ಹಾಗೆ ಹೊಳೆದವನ್ನೆಲ್ಲ ಕೂಡಿಸಿ ಕಣ್ಣು ಸೂರ್ಯನ ಸುತ್ತ ಚಕ್ರ ಕಟ್ಟುತ್ತದೆ. ಅಂದರೆ ಚಕ್ರ ಕಂಡಿತು ಎನ್ನುವುದರಿಂದ ಸಾಬೀತಾಗುವುದು ಗೀರುಗಳು ಎಲ್ಲ ದಿಕ್ಕಿನಲ್ಲೂ ಇವೆ ಎಂಬುದು ಮಾತ್ರ. ಯಂತ್ರದ ಬ್ರಷ್ಷು ಒಂದೇ ದಾರಿಯಲ್ಲಿ ಹೋಗಿ ಬರುವುದರಿಂದ ಅದು ಗೀರಿದರೆ ಸಾಲುಸಾಲಾಗಿ ಒಂದೇ ದಿಕ್ಕಿಗೆ ಗೀರುವುದೇ ಹೆಚ್ಚು. ಹಿಂದಕ್ಕೆ ಮುಂದಕ್ಕೆ, ಎಡಕ್ಕೆ ಬಲಕ್ಕೆ, ಮನಸ್ಸು ಬಂದ ಕಡೆಗೆಲ್ಲ ಒರೆಸುವುದು ಮನುಷ್ಯನ ಕೈ. ಸಾಕ್ಷಿ ಹೇಳಲು ಬಂದ ಚಕ್ರವೇ ಬನಿಯನ್ನಿನ ಕಡೆ ಬೆರಳು ತೋರಿಸಿತು.

ಕಾರು ತೊಳೆಯುವುದನ್ನು ಯಂತ್ರಕ್ಕೆ ಒಪ್ಪಿಸುವ ಆಸೆ ಹೊಸದಲ್ಲ. 1914ರಷ್ಟು ಹಿಂದೆಯೇ ಡೆಟ್ರಾಯಿಟ್‌ನಲ್ಲಿ ಕಾರುಗಳ ಧೋಬಿಖಾನೆಯೊಂದು ಇತ್ತು. ಆಳುಗಳು ಕಾರನ್ನು ತಳ್ಳಿಕೊಂಡು ಹೋಗುವುದು, ಒಬ್ಬ ಸೋಪು ಹಾಕುವುದು, ಇನ್ನೊಬ್ಬ ನೀರು ಹೊಯ್ಯುವುದು, ಮತ್ತೊಬ್ಬ ಒರೆಸುವುದು; ಯಂತ್ರವೊಂದು ಬಿಟ್ಟು ಮಿಕ್ಕೆಲ್ಲ ಅಲ್ಲಿತ್ತು. ನಿಂತ ಕಾರಿನ ಸುತ್ತ ಬ್ರಷ್ಷುಗಳೇ ಓಡಾಡಿ ತೊಳೆಯುವ ಯಂತ್ರಕ್ಕೆ ಜರ್ಮನಿಯ ಔಗ್ಸ್‌ಬರ್ಗ್ ಊರಿನ ಗೆಬ್‌ಹಾರ್ಡ್ ವೈಗೆಲೆ ಮತ್ತು ಯೋಹಾನ್ ಸುಲ್ಜ್‌ಬರ್ಗರ್ 1962ರಲ್ಲಿ ಪೇಟೆಂಟ್ ಪಡೆದರು. ಅಂದಿನಿಂದ ಬ್ರಷ್ಷಿಗೂ ಬಣ್ಣಕ್ಕೂ ವ್ಯಾಜ್ಯ ಎಷ್ಟು ಬೆಳೆಯಿತೆಂದರೆ, ಪೇಂಟು ತಯಾರಿಸುವವರು ಪ್ರಯೋಗಾಲಯದಲ್ಲೇ ಒಂದು ಪುಟ್ಟ ಕಾರ್ ವಾಶ್ ಕಟ್ಟಿಕೊಂಡರು. ಐಎಸ್‌ಒ 20566 ಎಂಬ ಅಂತರರಾಷ್ಟ್ರೀಯ ಮಾನದಂಡ ಇರುವುದೇ ಇದಕ್ಕೆ. ಬಣ್ಣ ಬಳಿದ ತಗಡಿನ ತುಂಡನ್ನು ತಿರುಗುವ ಪಾಲಿಎಥಿಲೀನ್ ಬ್ರಷ್ಷಿನ ಕೆಳಗೆ ಹಿಂದಕ್ಕೂ ಮುಂದಕ್ಕೂ ಓಡಿಸಿ, ಮೊದಲು ಎಷ್ಟು ಹೊಳಪಿತ್ತು, ಆಮೇಲೆ ಎಷ್ಟು ಉಳಿಯಿತು ಎಂದು ಅಳೆಯುತ್ತಾರೆ. 'ನೋಡಿದಿರಾ, ಬಣ್ಣ ಹಾಳುಮಾಡಲು ಅವರಿಗೂ ಸಿಕ್ಕಿದ್ದು ಕಾರ್ ವಾಶೇ' ಎಂದು ಎದುರು ಪಕ್ಷದ ವಕೀಲರು ಎದ್ದು ನಿಲ್ಲಬಹುದು. ಸ್ವಲ್ಪ ಕೂತುಕೊಳ್ಳಲಿ. ಆ ಪರೀಕ್ಷೆಯಲ್ಲಿ ಬರೀ ನೀರು ಚಿಮ್ಮಿಸುವುದಿಲ್ಲ. ನೀರಿಗೆ ಬೆಣಚುಕಲ್ಲಿನ ನುಣ್ಣನೆಯ ಹಿಟ್ಟು ಕಲೆಸಿ ಚಿಮ್ಮಿಸುತ್ತಾರೆ. ರಸ್ತೆಯ ಕೊಳೆಯ ಪಾತ್ರವನ್ನು ಆ ಹಿಟ್ಟು ವಹಿಸುತ್ತದೆ. ಬ್ರಷ್ಷೊಂದೇ ಸಾಕಾಗಿದ್ದರೆ ಇಷ್ಟು ಲೆಕ್ಕಾಚಾರದ ಜನ ಹಿಟ್ಟಿಗೆ ದುಡ್ಡು ಹಾಕುತ್ತಿರಲಿಲ್ಲ.

ಹಾಗೆಂದು ಯಂತ್ರಗಳಿಗೆಲ್ಲ ಸಾರಾಸಗಟು ಜಾಮೀನು ಕೊಡಲು ನಾನು ತಯಾರಿಲ್ಲ. ಹಿಟ್ಟು ಪ್ರಯೋಗಾಲಯದಲ್ಲಿ ಮಾತ್ರವಲ್ಲ, ಗಿರಾಕಿಯ ಕಾರಿನ ಮೇಲೂ ಬರುತ್ತದೆ. ಸಕಲೇಶಪುರದ ಕಾಡುದಾರಿಯಲ್ಲಿ ಹೊರಳಾಡಿ ಬಂದ ಜೀಪು ಈಗಷ್ಟೇ ಒಳಗೆ ಹೋಗಿ ಹೊರಬಂದಿದೆ, ಅದರ ಹಿಂದೆ ನಿಮ್ಮ ಸರದಿ ಎನ್ನಿ. ಬ್ರಷ್ಷಿನೊಳಗೆ ಜೀಪಿನ ಕೆಸರು ಉಳಿದಿದ್ದರೆ ನಿಮ್ಮ ಕಾರಿಗೆ ಸಕಲೇಶಪುರದ ಪ್ರಸಾದ ಖಂಡಿತ. ಒಳ್ಳೆಯ ಯಂತ್ರ ಇದನ್ನು ತಡೆಯುವುದು ಎರಡು ಕಡೆ. ಮೊದಲನೆಯದು, ಬ್ರಷ್ಷು ತಾಗುವ ಮುಂಚೆಯೇ ಜೋರು ನೀರು ಹೊಡೆದು, ನೊರೆ ಹಚ್ಚಿ, ಒಂದೆರಡು ನಿಮಿಷ ಬಿಟ್ಟು, ಕೂತ ಮಣ್ಣನ್ನು ಮೆತ್ತಗೆ ಮಾಡಿ ಮತ್ತೆ ತೊಳೆದುಬಿಡುವುದು. ಎರಡನೆಯದು, ಬ್ರಷ್ಷಿನ ಮೇಲೆ ಧಾರಾಳ ನೀರು ಸುರಿಯುತ್ತಲೇ ಇರುವುದು ಮತ್ತು ಬ್ರಷ್ಷು ಹಳೆಯ ಕಾಲದ ಒರಟು ಪ್ಲಾಸ್ಟಿಕ್ ಎಳೆಯದಲ್ಲದೆ ನೀರು ಹೀರದ ಫೋಮಿನ ಪಟ್ಟಿಗಳದ್ದಾಗಿರುವುದು. ಫೋಮಿನ ಒಳಗೆ ರಂಧ್ರಗಳು ಮುಚ್ಚಿಕೊಂಡಿರುವುದರಿಂದ ಮರಳು ಮನೆ ಮಾಡಿ ಕೂರಲು ಜಾಗ ಕಡಿಮೆ. 'ಎಕ್ಸ್‌ಪ್ರೆಸ್ ವಾಶ್, ಮೂರೇ ನಿಮಿಷ' ಎಂದು ಬೋರ್ಡು ಹಾಕಿದ ಕಡೆ ಆ ಮೂರು ನಿಮಿಷದಲ್ಲಿ ಯಾವುದಕ್ಕೆ ಕತ್ತರಿ ಬಿದ್ದಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ನೊರೆ ನೆನೆಯುವ ಹೊತ್ತಿಗೇ. ರಸ್ತೆಯ ಆಚೆ ಬದಿಯಲ್ಲಿ ಒಂದು ಕಾಫಿ ಕುಡಿಯುತ್ತಾ ಎರಡು ಕಾರು ತೊಳೆಯುವುದನ್ನು ನೋಡಿದರೆ ಸಾಕು. ಬ್ರಷ್ಷು ಮುಟ್ಟುವ ಹೊತ್ತಿಗೆ ಕಾರಿನ ಮೇಲೆ ಮಣ್ಣು ಕಣ್ಣಿಗೆ ಕಾಣುತ್ತಿದ್ದರೆ ಕಾಫಿ ಮುಗಿಸಿ ಮನೆಗೆ ಹೋಗುವುದು ಕ್ಷೇಮ.

'ಹಾಗಾದರೆ ಮುಟ್ಟದೇ ತೊಳೆಯುವ ಯಂತ್ರ ಇದೆಯಲ್ಲ' ಎನ್ನುವವರು ಮಡಿವಂತರು. ಬ್ರಷ್ಷೇ ಇಲ್ಲ, ಬರೀ ನೀರಿನ ಒತ್ತಡ ಮತ್ತು ಮಾರ್ಜಕ. ಗೀರು ಬೀಳುವುದಿಲ್ಲ, ಒಪ್ಪಿದೆ. ಆದರೆ ಹೆಂಕೆಲ್ ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ ಎಂಬ ರಸಾಯನ ತಜ್ಞ 1959ರಲ್ಲೇ ಈ ಮಡಿಯ ಲೆಕ್ಕ ಬರೆದಿಟ್ಟಿದ್ದಾನೆ: ಯಾವುದನ್ನೇ ತೊಳೆಯಲಿ, ಬೇಕಾಗುವುದು ರಾಸಾಯನಿಕ, ಉಜ್ಜುವಿಕೆ, ಶಾಖ, ಸಮಯ ಎಂಬ ನಾಲ್ಕು, ಒಂದನ್ನು ಇಳಿಸಿದರೆ ಇನ್ನೊಂದನ್ನು ಏರಿಸಲೇಬೇಕು. ನಮ್ಮ ಅಜ್ಜಿಯರು ಬಟ್ಟೆಯನ್ನು ಹಂಡೆಯಲ್ಲಿ ಬೇಯಿಸಿ ಆಮೇಲೆ ಒಗೆಯುವ ಕಲ್ಲಿಗೆ ಎತ್ತುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಉಜ್ಜುವುದನ್ನು ಸೊನ್ನೆ ಮಾಡಿದ ಯಂತ್ರ ಸೋಪಿನ ಖಾರ ಏರಿಸದೆ ಬದುಕಲಾರದು. ಟೆಸ್ಲಾ ಕಂಪನಿಯ ಕೈಪಿಡಿ ಇದಕ್ಕೆ ಒಳ್ಳೆಯ ಉದಾಹರಣೆ. ಯಂತ್ರದಲ್ಲಿ ತೊಳೆಸುವುದಾದರೆ ಮುಟ್ಟದ ಯಂತ್ರದಲ್ಲೇ ತೊಳೆಸಿ ಎಂದು ಅಪ್ಪಣೆ ಕೊಟ್ಟು, ಅದೇ ಉಸಿರಿನಲ್ಲಿ ಇಂಥ ಕೆಲವು ಯಂತ್ರಗಳ ಕ್ಷಾರದಿಂದ ಹೊರಗಿನ ಅಲಂಕಾರದ ಪಟ್ಟಿಗಳ ಬಣ್ಣ ಕೆಡಬಹುದು ಎಂದೂ ಎಚ್ಚರಿಸುತ್ತದೆ. ಮೇಲಾಗಿ, ಇಷ್ಟೆಲ್ಲ ಆದಮೇಲೂ ಡೀಸೆಲ್ ಹೊಗೆಯ ತೆಳ್ಳನೆಯ ಜಿಡ್ಡು ಹಾಗೇ ಅಂಟಿಕೊಂಡಿರುತ್ತದೆ. ಅದನ್ನು ಕಂಡ ಮಾಲೀಕ ಏನು ಮಾಡುತ್ತಾನೆ? ಡಿಕ್ಕಿ ತೆಗೆದು ಬಟ್ಟೆ ಹುಡುಕುತ್ತಾನೆ.

ಉಳಿದದ್ದು ಶುದ್ಧ ಕೈತೊಳೆತದ ಪಕ್ಷ: ಸೋಪಿಗೊಂದು ಬಕೆಟ್ಟು, ಜಾಲಾಡಲು ಇನ್ನೊಂದು, ಮೈಕ್ರೋಫೈಬರ್ ಗವಸು, ಮೇಲಿಂದ ಕೆಳಕ್ಕೆ, ನೆರಳಿನಲ್ಲಿ, ನಿಧಾನವಾಗಿ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ, ಬೇಕಾಗಿಯೂ ಇಲ್ಲ. ಇದಕ್ಕಿಂತ ಒಳ್ಳೆಯ ವಿಧಾನ ಇಲ್ಲ. ತೊಂದರೆ ಇರುವುದು ವಿಧಾನದಲ್ಲಲ್ಲ, ಅದನ್ನು ಆಯುಧಪೂಜೆಯ ಹಿಂದಿನ ದಿನ ಬಿಟ್ಟು ಬೇರೆ ದಿನ ಯಾರೂ ಮಾಡದಿರುವುದರಲ್ಲಿ. ಹಾಗೆ ತೊಳೆದ ಕಾರಿಗೇ ಮರುದಿನ ಕುಂಕುಮ ಹಚ್ಚಿ, ಅದು ಬಾನೆಟ್ಟಿಗೆ ಕಚ್ಚಿಕೊಂಡ ಮೇಲೆ ಉಗುರಿನಿಂದ ಕೆರೆಯುವವರೂ ನಾವೇ. ನೀರಿನ ಮಾತೂ ಇದೆ. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತಂದ ಕಾವೇರಿಯನ್ನು ಟೈರಿಗೆ ಸುರಿಯುವುದನ್ನು ಸಮರ್ಥಿಸಲು ಎಂಥ ಬಣ್ಣಪ್ರೇಮಿಗೂ ಬಾಯಿ ಬರುವುದಿಲ್ಲ. ಬಳಸಿದ ನೀರನ್ನು ಸೋಸಿ ಮತ್ತೆ ಬಳಸುವುದು ಯಂತ್ರಕ್ಕೆ ಸಾಧ್ಯ. ಮನೆ ಮುಂದಿನ ಪೈಪಿಗೆ ಸಾಧ್ಯವಿಲ್ಲ. (ಸೋಸುವುದನ್ನು ಮರೆತ ಯಂತ್ರ ಮರಳನ್ನೇ ತಿರುಗಿ ಚಿಮ್ಮಿಸುತ್ತದೆ ಎನ್ನುವುದನ್ನೂ ಹೇಳಿಬಿಡುತ್ತೇನೆ, ಪಕ್ಷಪಾತಿ ಎನಿಸಿಕೊಳ್ಳಬಾರದು.) ಇದೆಲ್ಲದರ ನಡುವೆ ಡೀಟೇಲಿಂಗ್ ಅಂಗಡಿಯವರು ಬೇರೆ: ಗೀರು ಬಿದ್ದರೆ ಪಾಲಿಶ್ ಹೊಡೆಯೋಣ, ಮೇಲೊಂದು 9ಎಚ್ ಸೆರಾಮಿಕ್ ಕೋಟಿಂಗ್ ಕೊಡೋಣ ಎನ್ನುತ್ತಾರೆ. ಪಾಲಿಶ್ ಎಂದರೆ ಗೀರಿನ ಆಳದವರೆಗೆ ಅಕ್ಕಪಕ್ಕದ ಕ್ಲಿಯರ್ ಕೋಟನ್ನೂ ಸವೆಸಿ ಸಮ ಮಾಡುವುದು. ಕೂದಲೆಳೆ ದಪ್ಪದ ಆಸ್ತಿಯಲ್ಲಿ ಎಷ್ಟು ಸಲ ಹೀಗೆ ಸಮ ಮಾಡಬಹುದು ಎಂಬ ಲೆಕ್ಕ ಬಿಲ್ಲಿನಲ್ಲಿ ಇರುವುದಿಲ್ಲ. 9ಎಚ್ ಎಂಬುದು ಪೆನ್ಸಿಲ್ಲುಗಳ ಗಡಸುತನದ ಅಳತೆ. ಅತಿ ಗಟ್ಟಿ ಪೆನ್ಸಿಲ್ಲಿನಿಂದ ಎಳೆದರೂ ಗೀರು ಬೀಳದು ಎಂದಷ್ಟೇ ಅದರ ಭರವಸೆ. ಕಾರಿಗೆ ಪೆನ್ಸಿಲ್ಲಿನಿಂದ ಗೀಚುವ ಪಕ್ಕದ ಮನೆಯ ಹುಡುಗ ಇದ್ದರೆ ಉಪಯೋಗವುಂಟು. ಎಂ-ಸ್ಯಾಂಡ್ ಲಾರಿಗೆ ಅದು ಲೆಕ್ಕಕ್ಕಿಲ್ಲ.

ಹೀಗೆ ಹುಡುಕಿ, ಕಾಫಿ ಕುಡಿದು, ಪರೀಕ್ಷಿಸಿ, ನೊರೆ ನೆನೆಸುವ, ಫೋಮ್ ಬ್ರಷ್ಷಿನ, ನೀರು ಸೋಸುವ ಒಂದು ಯಂತ್ರ ನಿಮಗೆ ಸಿಕ್ಕಿತು ಎಂದುಕೊಳ್ಳೋಣ. ಕಾರು ಒಳಗೆ ಹೋಯಿತು, ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯಿತು, ದೊಡ್ಡ ಫ್ಯಾನುಗಳು ನೀರನ್ನು ಊದಿ ಓಡಿಸಿದವು. ಹೊರಬಾಗಿಲಲ್ಲಿ ನಗುಮುಖದ ಇಬ್ಬರು ನಿಂತಿರುತ್ತಾರೆ. ಅವರ ಹೆಗಲ ಮೇಲೆ ಟವೆಲ್ಲು. ಬೆಳಗಿನಿಂದ ಬಂದ ಅಷ್ಟೂ ಕಾರುಗಳ ಚಕ್ರ, ಬಾಗಿಲಸಂದು, ಬಾನೆಟ್ಟಿನೊಳಗಿನ ಮಸಿ, ಮಧ್ಯೆ ಎರಡು ಬಾರಿ ಕೈಜಾರಿ ನೆಲಕ್ಕೆ ಬಿದ್ದದ್ದು, ಎಲ್ಲವನ್ನೂ ಕಂಡ ಟವೆಲ್ಲು. ಔಗ್ಸ್‌ಬರ್ಗಿನ ಪೇಟೆಂಟು ಇಲ್ಲಿಗೆ ಮುಗಿದು ನಮ್ಮ ಬನಿಯನ್ನಿನ ರಾಜ್ಯ ಶುರುವಾಗುತ್ತದೆ. ಉಳಿದ ನಾಲ್ಕು ಹನಿ ನೀರು ಗಾಳಿಗೆ ತಾನೇ ಆರುತ್ತದೆ. ಕೊಳವೆಬಾವಿ ನೀರಾಗಿದ್ದರೆ ಬಿಳಿ ಚುಕ್ಕೆ ಉಳಿಯಬಹುದು, ಮನೆಗೆ ಹೋಗಿ ಶುದ್ಧವಾದ ಒದ್ದೆ ಬಟ್ಟೆಯಲ್ಲಿ ತೆಗೆಯಬಹುದು. ಆದ್ದರಿಂದ ಅವರು ಟವೆಲ್ಲು ಕೊಡವುವುದರೊಳಗೆ ಗಾಜು ಇಳಿಸಿ, 'ಒರೆಸೋದು ಬೇಡಪ್ಪಾ' ಎಂದು ಹೇಳಿ, ಒರೆಸಿದ್ದರೆ ಎಷ್ಟು ಕೊಡುತ್ತಿದ್ದಿರೋ ಅದಕ್ಕಿಂತ ಹತ್ತು ರೂಪಾಯಿ ಜಾಸ್ತಿಯೇ ಕೊಟ್ಟು ಮುಂದೆ ಹೋಗುವುದು ಲಾಭ.