ಒಂದು ಗ್ರೋಸು ವಾಷರು

ಪ್ಯಾರೀಸ್ ಕಾರ್ನರಿನ ಆಸುಪಾಸಿನಲ್ಲಿ ಸಂಸಾರ ಹೂಡಿದವರಿಗೆ ಲೋಕದಲ್ಲಿ ಅಲಭ್ಯವಾದ ವಸ್ತುವೇ ಇರಲಾರದೆಂದು ಊರಿನ ಬಂಧುವರ್ಗವು ದೃಢವಾಗಿ ನಂಬಿರುವುದು. ನಂಬಿಕೆಯೇನೋ ನಿರಾಧಾರವಲ್ಲ, 1788ರಲ್ಲಿ ಥಾಮಸ್ ಪ್ಯಾರಿ ಎಂಬ ವೇಲ್ಸ್ ದೇಶದ ವರ್ತಕನು ಮದರಾಸಿನಲ್ಲಿ ವ್ಯಾಪಾರಕ್ಕೆ ಕುಳಿತಂದಿನಿಂದ ಈ ಮೂಲೆಯಲ್ಲಿ ಮಾರಾಟಕ್ಕೆ ಸಿಗದೆ ಉಳಿದಿರುವುದು ಮನುಷ್ಯನ ನೆಮ್ಮದಿಯೊಂದೇ. ಆದರೆ ಇಲ್ಲಿ ಸಮಸ್ತವೂ ಸಗಟು. ಮಗುವಿನ ಶಾಲೆಗೆ ನಾಲ್ಕು ಹಾಳೆ ಕಾಗದ ಬೇಕೆಂದು ಆಂಡರ್ಸನ್ ಬೀದಿಗೆ ಹೋದರೆ ರೀಮು ಹೊತ್ತು ಮರಳಬೇಕು. ಪಾಯಸಕ್ಕೆ ಹಿಡಿ ದ್ರಾಕ್ಷಿ ಕೇಳಿದರೆ ಗೋವಿಂದಪ್ಪ ನಾಯಕನ್ ಬೀದಿಯ ವರ್ತಕರು ನಮ್ಮಲ್ಲಿ ಮದುವೆಯೆಂದು ಭಾವಿಸಿ ಮೂಟೆಯ ದರ ಹೇಳುವರು. ಲಿಂಗಿ ಚೆಟ್ಟಿ ಬೀದಿಯಲ್ಲೂ ಶೆಂಬುದಾಸ್ ಬೀದಿಯಲ್ಲೂ ಪೈಪು, ವಾಲ್ವು, ಫಿಟ್ಟಿಂಗುಗಳ ನಡುವೆ ಕಾಲಿಡಲು ಸ್ಥಳವಿಲ್ಲ. ಆ ಬೀದಿಗಳಿಂದ ಕೂಗಿದರೆ ಕೇಳಿಸುವಷ್ಟು ಸಮೀಪದಲ್ಲಿರುವ ನಮ್ಮ ಮನೆಯ ಅಡುಗೆಮನೆಯ ನಲ್ಲಿ ಮಾತ್ರ ಕಳೆದ ಶನಿವಾರದವರೆಗೆ ತೊಟ್ಟಿಕ್ಕುತ್ತಲೇ ಇದ್ದಿತು. ಅಂದು ನಡೆದ ಪ್ರಕರಣವನ್ನು ನೆನೆದರೆ ಒಂದು ಗಳಿಗೆ ನಗೆಯೂ ಮರುಗಳಿಗೆ ಕೋಪವೂ ಉಕ್ಕುತ್ತಿರುವುದರಿಂದ, ಎರಡರಲ್ಲೊಂದು ಇಂಗಿಹೋಗುವ ಮೊದಲೇ ಬರೆದಿಡುತ್ತಿದ್ದೇನೆ.

ಕಲಹದ ಮೂಲ ನಲ್ಲಿಯಲ್ಲಿಲ್ಲ, ಭೂಗೋಳದಲ್ಲಿದೆ. ನಮ್ಮ ಮಾವನವರು ಆಗುಂಬೆಯ ಕಡೆಯವರು. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಒಗೆದ ಬಟ್ಟೆ ಒಣಗಬೇಕಾದರೆ ಒಲೆಯ ಮೇಲಿನ ಅಟ್ಟವನ್ನೇ ಆಶ್ರಯಿಸಬೇಕಾದ ಸೀಮೆಯಲ್ಲಿ ಹುಟ್ಟಿ ಬೆಳೆದವರು. ಅತ್ತೆಯವರು ಚಳ್ಳಕೆರೆಯವರು, ಅಲ್ಲಿ ವರ್ಷದ ಮಳೆ 500 ಮಿಲಿಮೀಟರನ್ನು ಮುಟ್ಟಿದರೆ ಅದೇ ಸುಭಿಕ್ಷ. ಪ್ರೌಢಶಾಲೆಯ ವಿಜ್ಞಾನದ ಮೇಷ್ಟರಾಗಿ ಚಳ್ಳಕೆರೆಗೆ ವರ್ಗವಾಗಿ ಹೋದ ಮಾವನವರು ಅಲ್ಲಿಯೇ ವರನಾಗಿ, ತರುವಾಯ ಮಗನ ಉದ್ಯೋಗದ ಬೆನ್ನುಹತ್ತಿ ಈ ಬಂದರಿನ ಮಗ್ಗುಲಿಗೆ ಬಂದು ನೆಲೆಸಿದವರು. ಮಳೆಯಲ್ಲಿ ಬೆಳೆದವರು ನೀರಿನ ವಿಷಯದಲ್ಲಿ ಉದಾರಿಗಳೂ ಬರದಲ್ಲಿ ಬೆಳೆದವರು ಜಿಪುಣರೂ ಆಗಿರುವರೆಂದು ನೀವು ಊಹಿಸುವುದು ಸಹಜ. ನಮ್ಮಲ್ಲಿ ಎಲ್ಲವೂ ವಿಪರ್ಯಯ. ಆಕಾಶದಿಂದ ಬಿದ್ದುದು ಮಳೆ, ನಲ್ಲಿಯಿಂದ ಬಿದ್ದುದು ಅಶಿಸ್ತು ಎಂಬುದು ಮಾವನವರ ಸಿದ್ಧಾಂತವಾದುದರಿಂದ, ಒಂದೇ ಒಂದು ತೊಟ್ಟಿನ ಸದ್ದು ಕಿವಿಗೆ ಬಿದ್ದರೂ ಅವರು ರಾತ್ರಿಯೆಲ್ಲ ಹೊರಳಾಡುವರು. ಅತ್ತೆಯವರಾದರೋ ಆ ತೊಟ್ಟಿನ ಕೆಳಗೆ ತಾಮ್ರದ ಚೊಂಬನ್ನಿಟ್ಟು, ಅದು ತುಂಬುವ ಸದ್ದಿನ ಏರಿಳಿತವನ್ನು ಆಲಿಸುತ್ತ ಸುಖವಾಗಿ ನಿದ್ರಿಸುವರು.

ಒಂದು ದಿನ ಮಾವನವರು ಗಡಿಯಾರವನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದರು. ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 86,400 ಹನಿ. ಔಷಧದ ಲೆಕ್ಕದಲ್ಲಿ 20 ಹನಿಗೆ ಒಂದು ಮಿಲಿಲೀಟರು. ಅಂದಮೇಲೆ ದಿನವೊಂದಕ್ಕೆ 4 ಲೀಟರು 320 ಮಿಲಿಲೀಟರು ನಷ್ಟ. ಈ ಅಂಕಿಗಳನ್ನು ಅವರು ಊಟದ ಮನೆಯಲ್ಲಿ ಗಂಭೀರ ಧ್ವನಿಯಿಂದ ಓದಿದಾಗ ಅತ್ತೆಯವರು ಸೌಟನ್ನು ಕೆಳಗಿಟ್ಟು, "ಅಷ್ಟೊಂದು ಸಿಗ್ತದಾ? ಹಂಗಾದ್ರೆ ತುಳಸಿಗೆ, ಕರಿಬೇವಿಗೆ ಹಾಕಿಯೂ ಬೇಳೆ ನೆನೆಸೋಕೆ ಉಳೀತದೆ ಬಿಡಿ" ಎಂದರು. ಮಾವನವರು ನಷ್ಟದ ಕಲಮಿನಲ್ಲಿ ಬರೆದುದನ್ನು ಹೆಂಡತಿಯು ನಿಂತ ನಿಲುವಿನಲ್ಲಿ ಆದಾಯದ ಕಲಮಿಗೆ ವರ್ಗಾಯಿಸಿದ ಈ ಪರಿಯನ್ನು ಅವರು ಇಂದಿಗೂ ಕ್ಷಮಿಸಿಲ್ಲ.

ಅತ್ತೆಯವರ ಕಡೆಗೂ ನ್ಯಾಯವಿದೆಯೆಂಬುದನ್ನು ನಾನು ಹೇಳಲೇಬೇಕು. ಕೋಟೆಯ ದೊರೆಗಳಿಗೆ ನೀರು ಕುಡಿಸಲೆಂದು 1772ರಲ್ಲಿ ಏರ್ಪಡಿಸಿದ ಏಳು ಬಾವಿಗಳ ಹೆಸರು ನಮ್ಮ ಜಾರ್ಜ್ ಟೌನಿನ ಒಂದು ಭಾಗಕ್ಕೆ ಇಂದಿಗೂ ಉಳಿದಿದೆ. ಅಂದಿನಿಂದಲೂ ಈ ಪಟ್ಟಣದ ಚರಿತ್ರೆಯೆಂದರೆ ಮುಂದಿನ ಕೊಡ ಎಲ್ಲಿಂದ ಬಂದೀತೆಂಬ ಚಿಂತೆಯ ಚರಿತ್ರೆಯೇ. 2019ರ ಬೇಸಗೆಯಲ್ಲಿ ಕೆರೆಗಳೆಲ್ಲ ತಳ ಕಂಡು, ಜುಲೈಯಲ್ಲಿ ಜೋಲಾರ್‌ಪೇಟೆಯಿಂದ 50 ವ್ಯಾಗನ್ನುಗಳ ರೈಲಿನಲ್ಲಿ 25 ಲಕ್ಷ ಲೀಟರು ನೀರು ವಿಲ್ಲಿವಾಕ್ಕಮಿಗೆ ಬಂದಿಳಿದಾಗ, ಮಂತ್ರಿಗಳು ಅದನ್ನು ಸ್ವಾಗತಿಸುವ ಚಿತ್ರವನ್ನು ದೂರದರ್ಶನದಲ್ಲಿ ಕಂಡ ಅತ್ತೆಯವರು ಎದ್ದು ನಿಂತು ಕೈಮುಗಿದಿದ್ದರು. ಆ ವರ್ಷ ಕೊಂಡ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಈಗಲೂ ನಮ್ಮ ಮಂಚದ ಕೆಳಗೆ ತುಂಬಿ ಕುಳಿತಿವೆ. ಅವುಗಳಲ್ಲಿ ಯಾವುದನ್ನು ಯಾವ ವಾರ ಖಾಲಿ ಮಾಡಿ ಮತ್ತೆ ತುಂಬಬೇಕೆಂಬುದು ಅತ್ತೆಯವರೊಬ್ಬರಿಗೇ ಗೊತ್ತು.

ಇನ್ನು ನಲ್ಲಿ ಸೋರುವುದೇಕೆಂದರೆ, ಅದಕ್ಕೆ ಕಾರಣ ಮಾವನವರೇ. ಇಂಗ್ಲೆಂಡಿನ ರಾದರಂ ಪಟ್ಟಣದ ಗೆಸ್ಟ್ ಮತ್ತು ಕ್ರೈಮ್ಸ್ ಎಂಬ ಕಾರ್ಖಾನೆಯವರು 1845ರಲ್ಲಿ ಹಕ್ಕು ಪಡೆದ ತಿರುಪು ನಲ್ಲಿಯ ತತ್ತ್ವ ಬಹು ಸರಳವಾದುದು: ತಿರುಪನ್ನು ಇಳಿಸಿದಂತೆ ಅದರ ತುದಿಯ ವಾಷರು ಹಿತ್ತಾಳೆಯ ಪೀಠದ ಮೇಲೆ ಕುಳಿತು ನೀರಿನ ದಾರಿಯನ್ನು ಮುಚ್ಚುವುದು. ಅದಕ್ಕೆ ಬೇಕಾದುದು ಎರಡು ಬೆರಳಿನ ಬಲ. ಮಲಗುವ ಮುನ್ನ ಪ್ರತಿರಾತ್ರಿಯೂ ಎರಡು ಕೈಗಳಿಂದ, ಹಲ್ಲು ಕಚ್ಚಿ, ಮಂಡಿಯನ್ನು ಗೋಡೆಗೆ ಕೊಟ್ಟು ತಿರುಗಿಸಿದರೆ ರಬ್ಬರು ಪೀಠದ ಅಂಚಿಗೆ ಸಿಕ್ಕಿ ಸೀಳದೆ ಇನ್ನೇನಾದೀತು? ನಮ್ಮ ಕೊಳವೆಬಾವಿಯ ಗಡಸು ನೀರು ಬಿಟ್ಟುಹೋಗುವ ಉಪ್ಪಿನ ಹರಳುಗಳು ಉಳಿದ ಕೆಲಸವನ್ನು ಪೂರೈಸಿದವು. ವಾಷರು ಸವೆದಷ್ಟೂ ಮಾವನವರು ಬಿಗಿಯುವರು. ಬಿಗಿದಷ್ಟೂ ಅದು ಸವೆಯುವುದು. ಶಿಸ್ತಿನಿಂದ ಕೆಟ್ಟ ವಿದ್ಯಾರ್ಥಿಗಳ ಸಂಖ್ಯೆ ಅವರ ಸೇವಾವಧಿಯಲ್ಲಿ ಎಷ್ಟಿತ್ತೋ ನಾನರಿಯೆ.

ಶನಿವಾರ ಬೆಳಿಗ್ಗೆ ಮಗನಿಗೆ ರಜೆಯೆಂದು ತಿಳಿದ ಮಾವನವರು, "ಮಾಣಿ, ಇವತ್ತು ಇದರ ಕಥೆ ಮುಗಿಸುವ" ಎಂದು ಪಂಚೆ ಎತ್ತಿ ಕಟ್ಟಿದರು. ತಾರಸಿಯ ತೊಟ್ಟಿಯಿಂದ ಇಳಿಯುವ ನೀರನ್ನು ತಡೆಯಲು ಒಂದು ಗೇಟ್‌ವಾಲ್ವು ಇದೆ. ಇದೆಯೆಂದರೆ ಇದೆ, ತಿರುಗುವುದಿಲ್ಲ. ಬೀದಿಯ ನೀರು ದಿನ ಬಿಟ್ಟು ದಿನ ಬರುವುದರಿಂದ ತುಂಬಿದ ತೊಟ್ಟಿಯನ್ನು ಬರಿದು ಮಾಡುವ ಸಲಹೆಯನ್ನು ಅತ್ತೆಯವರ ಮುಂದೆ ಇಡುವ ಧೈರ್ಯ ಯಾರಿಗೂ ಇರಲಿಲ್ಲ. ಆಗ ಮಾವನವರು ಒಂದು ಯೋಜನೆಯನ್ನು ಪ್ರಕಟಿಸಿದರು: ಮಗನು ನಲ್ಲಿಯನ್ನು ಇಡಿಯಾಗಿ ಬಿಚ್ಚಿ, ಮಾದರಿಗೆಂದು ಅಂಗಡಿಗೆ ಒಯ್ಯತಕ್ಕದ್ದು, ಅವನು ಮರಳುವವರೆಗೆ ತಾವು ಹೆಬ್ಬೆರಳಿನಿಂದ ಪೈಪಿನ ಬಾಯನ್ನು ಮುಚ್ಚಿ ನಿಲ್ಲತಕ್ಕದ್ದು. "ಮಾದರಿಯಿಲ್ಲದೆ ಅಂಗಡಿಗೆ ಹೋಗುವವನು ಮೂರ್ಖ" ಎಂದೂ ಸೇರಿಸಿದರು. ತಿರುಪಿನ ತುದಿಯಿಂದ ವಾಷರನ್ನಷ್ಟೇ ಕಳಚಿ, ನಲ್ಲಿಯನ್ನು ಮೊದಲಿನಂತೆ ಕೂರಿಸಿ ಹೋಗಬಹುದಲ್ಲವೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ನಲ್ಲಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಾಗಿತ್ತು.

ಹೀಗೆ ಆರಂಭವಾಯಿತು ಆ ಮಹಾಧಾರಣೆ. ಒಂದು ಕೈ ಗೋಡೆಯ ಮೇಲೆ, ಇನ್ನೊಂದರ ಅಂಗುಷ್ಠ ಪೈಪಿನಲ್ಲಿ, ಮುಖದಲ್ಲಿ ಲೋಕೋಪಕಾರದ ತೇಜಸ್ಸು. ಮೊದಮೊದಲು ಅವರು ಅತ್ಯುತ್ಸಾಹದಲ್ಲಿದ್ದರು. ಮೊಮ್ಮಗಳನ್ನು ಕರೆದು ನಿಲ್ಲಿಸಿಕೊಂಡು, ನೀರಿನ ಒತ್ತಡವು ತೊಟ್ಟಿಯ ಗಾತ್ರವನ್ನವಲಂಬಿಸದೆ ಅದರ ಎತ್ತರವನ್ನು ಮಾತ್ರ ಅವಲಂಬಿಸುವುದೆಂದೂ, ತೊಟ್ಟಿಯು ತಮ್ಮ ಬೆರಳಿನಿಂದ ಹತ್ತಡಿ ಮೇಲಿರುವುದರಿಂದ ಈ ಅರ್ಧ ಇಂಚಿನ ರಂಧ್ರದಲ್ಲಿ ತಾವು ತಡೆದಿರುವ ಬಲ ಸುಮಾರು ಅರ್ಧ ಕಿಲೋಗ್ರಾಮಿನ ತೂಕಕ್ಕೆ ಸಮವೆಂದೂ ಪಾಠ ಮಾಡಿದರು. "ಅರೆ ಕಿಲೋ ತಾನೇ, ಅಜ್ಜಯ್ಯ? ನಮ್ಮ ತಕ್ಕಾಳಿ ಪ್ಯಾಕೆಟ್ ಅಷ್ಟೇ!" ಎಂದು ಅವಳು ತನ್ನ ತಮಿಳುಗನ್ನಡದಲ್ಲಿ ಸಾಧನೆಯನ್ನು ಟೊಮ್ಯಾಟೋದ ಮಟ್ಟಕ್ಕಿಳಿಸಿದಳು. ಅಷ್ಟರಲ್ಲಿ ಬೆರಳು ಕೊಂಚ ಜಾರಿ, ಒಂದು ಸಣ್ಣ ಕಾರಂಜಿ ಎದ್ದು ಗುರುಗಳ ಕನ್ನಡಕವನ್ನೂ ಶಿಷ್ಯೆಯ ಪುಸ್ತಕವನ್ನೂ ತೋಯಿಸಿತು.

ಮಾವನವರು ಬೆರಳನ್ನು ಮರಳಿ ಹೊಂದಿಸಿ, ಭಗೀರಥನು ಗಂಗೆಯನ್ನು ತಂದುದೇನೂ ದೊಡ್ಡದಲ್ಲ, ತಂದುದನ್ನು ಹಿಡಿದು ನಿಲ್ಲಿಸುವುದು ದೊಡ್ಡದೆಂದು ಘೋಷಿಸಿದರು. ಅತ್ತೆಯವರು ಹೆಸರುಬೇಳೆ ಬಸಿಯುತ್ತಲೇ, "ಶಿವ ತಲೆ ಮೇಲೆ ಹೊತ್ತುಕೊಂಡ, ಹೆಬ್ಬೆಟ್ಟಿನಲ್ಲಿ ಹಿಡಿದವರು ನೀವೊಬ್ಬರೇ" ಎಂದರು. ಕಾಫಿಯ ಹೊತ್ತಾಯಿತು, ಲೋಟವನ್ನು ನಾನು ಹಿಡಿದೆ, ಅವರು ಹೀರಿದರು. ಮೂಗಿನ ತುದಿ ತುರಿಸಿತು. ಮೊಮ್ಮಗಳು ಪೆನ್ಸಿಲಿನಿಂದ ಸೇವೆ ಸಲ್ಲಿಸಿದಳು. ಅದೇ ಅವಸರದಲ್ಲಿ ಅವಳು ಅಜ್ಜಯ್ಯನ ಚಿತ್ರವನ್ನು ತೆಗೆದು ಬಂಧುಗಳ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟದ್ದರಿಂದ, ಶಿವಮೊಗ್ಗದಿಂದ ನಾದಿನಿಯ ಕರೆ ಬಂದಿತು. ಅಪ್ಪಯ್ಯನನ್ನು ಈ ವಯಸ್ಸಿನಲ್ಲಿ ಹೀಗೆ ನಿಲ್ಲಿಸಿರುವುದು ಯಾವ ಧರ್ಮವೆಂದು ಅವಳು ನನ್ನನ್ನು ವಿಚಾರಿಸಿಕೊಂಡಳು. ಸೊಸೆಯಾದವಳು ಪೈಪಿಗೂ ಹೊಣೆಯೆಂಬುದು ನನಗೆ ಅಂದೇ ತಿಳಿದದ್ದು. ನ್ಯೂಜೆರ್ಸಿಯಲ್ಲಿರುವ ಅವಳ ಮಗನು ಅಲ್ಲಿಯ ಮಧ್ಯರಾತ್ರಿಯಲ್ಲಿ ಎಚ್ಚರವಾಗಿದ್ದು, ಮೇನ್ ವಾಲ್ವನ್ನು ಮುಚ್ಚಬಾರದೇ ಎಂದು ಇಂಗ್ಲಿಷಿನಲ್ಲಿ ಬರೆದನು. ಅದಕ್ಕೆ ಮಾವನವರು ಕೊಟ್ಟ ಉತ್ತರವನ್ನು ನಾನು ಟೈಪು ಮಾಡಲಿಲ್ಲ.

ಅತ್ತ ಲಿಂಗಿ ಚೆಟ್ಟಿ ಬೀದಿಯಲ್ಲಿ ನಮ್ಮವರ ಸ್ಥಿತಿ ಇನ್ನೂ ಶೋಚನೀಯವಾಗಿದ್ದಿತು. ಚೀಲದಿಂದ ನಲ್ಲಿಯನ್ನು ತೆಗೆದು ತೋರಿಸಿ ಒಂದು ವಾಷರು ಕೇಳಿದರೆ, "ಹೋಲ್‌ಸೇಲ್ ಮಟ್ಟುಂದಾನ್ ಸಾರ್" ಎಂಬ ಉತ್ತರವು ಅಂಗಡಿಯಿಂದ ಅಂಗಡಿಗೆ ಅವರಿಗಿಂತ ಮುಂದಾಗಿ ನಡೆಯುತ್ತಿತ್ತಂತೆ. ಕಟ್ಟಕಡೆಗೆ ಒಬ್ಬ ವೃದ್ಧ ವರ್ತಕರು, ತಂದೆಯವರು ಮನೆಯಲ್ಲಿ ಪೈಪು ಹಿಡಿದು ನಿಂತಿರುವರೆಂಬ ವೃತ್ತಾಂತವನ್ನು ಕೇಳಿ ಕಣ್ಣಲ್ಲಿ ನೀರು ಬರುವಂತೆ ನಕ್ಕು, ಪೆಟ್ಟಿಗೆಯಿಂದ ಒಂದು ವಾಷರನ್ನು ತೆಗೆದು ಪುಕ್ಕಟೆಯಾಗಿ ಕೈಯಲ್ಲಿಟ್ಟರು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪುಕ್ಕಟೆ ಸ್ವೀಕರಿಸುವುದು ಆಗುಂಬೆಯ ಆ ವಂಶದಲ್ಲಿ ಇಲ್ಲ. ಐವತ್ತು ಪೈಸೆಯ ವಸ್ತುವಿಗೆ ಬಿಲ್ಲು ಬರೆಯುವುದು ವರ್ತಕರ ವಂಶದಲ್ಲಿಲ್ಲ. ಈ ಎರಡು ಕುಲಾಚಾರಗಳ ನಡುವೆ ನಡೆದ ದೀರ್ಘ ಸಂವಾದದ ಫಲವಾಗಿ ನಮ್ಮವರು ಒಂದು ಗ್ರೋಸು, ಎಂದರೆ 144 ವಾಷರುಗಳನ್ನು, ರಶೀದಿಸಮೇತ ಕೊಂಡರು. ಹಳೆಯ ಪರಿಚಯದವರಂತೆ ಇಬ್ಬರೂ ಚಹಾ ಕುಡಿದರೆಂಬ ಸಂಗತಿಯನ್ನು ಮನೆಗೆ ಬಂದ ಮೇಲೆ ನಿಧಾನವಾಗಿ ಹೇಳಿದರು.

ಆ ಚಹಾದ ವೇಳೆಗೆ ಸರಿಯಾಗಿ ಮಾವನವರ ಮುಖದ ತೇಜಸ್ಸು ಕುಂದಿ, ಬೇರೊಂದು ಬಗೆಯ ಭಾವ ಮೂಡತೊಡಗಿತ್ತು. ಅವರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರು. ಬಚ್ಚಲಿನ ಬಾಗಿಲ ಕಡೆ ನೋಡಿದರು. ನೀರಿನ ಸದ್ದೂ ಬೆಳಗಿನ ಎರಡು ಲೋಟ ಕಾಫಿಯೂ ಎಪ್ಪತ್ತೆಂಟರ ವಯಸ್ಸೂ ಸೇರಿದಾಗ ಉಂಟಾಗುವ ಒತ್ತಡವನ್ನು ಯಾವ ಪಠ್ಯಪುಸ್ತಕವೂ ವಿವರಿಸಿಲ್ಲ. ನಾನು ಬೆರಳು ಕೊಡಲು ಹೋದೆ. ಸೊಸೆಗೆ ಸೇನಾಧಿಪತ್ಯ ವಹಿಸಲು ಅವರಿಗೆ ಮನಸ್ಸಾಗಲಿಲ್ಲ. ಅತ್ತೆಯವರು ಒಂದು ಮಾತೂ ಆಡದೆ ಕೋಸಂಬರಿಗೆಂದು ತೊಳೆದಿಟ್ಟಿದ್ದ ಕ್ಯಾರೆಟ್ಟುಗಳಲ್ಲಿ ಮೈತುಂಬಿದ ಒಂದನ್ನು ಆರಿಸಿ, ಈಳಿಗೆಮಣೆಯ ಮುಂದೆ ಕುಳಿತು, ತುದಿಯನ್ನು ಎರಡು ಸಲ ಹೆರೆದು, ಎದ್ದು ಬಂದು, "ಸ್ವಲ್ಪ ಬೆರಳು ತೆಗೀರಿ" ಎಂದರು. ಮಾವನವರು ಜಲಶಾಸ್ತ್ರವನ್ನು ಒಂದು ತರಕಾರಿಗೆ ಒಪ್ಪಿಸಲಾರೆನೆಂದು ಪ್ರತಿಭಟಿಸುವ ಸ್ಥಿತಿಯಲ್ಲಿರಲಿಲ್ಲ. ಬೆರಳು ಬಂದಿತು, ಕ್ಯಾರೆಟ್ಟು ಹೋಯಿತು, ಲಟ್ಟಣಿಗೆಯಿಂದ ಒಂದೇ ಏಟು ಬಿದ್ದಿತು, ನೀರು ನಿಂತಿತು. ಮಾವನವರು ಆ ಸೊಗಸನ್ನು ನೋಡಲು ನಿಲ್ಲಲಿಲ್ಲ.

ಅವರು ಮರಳಿ ಬಂದು ಕುರ್ಚಿಯಲ್ಲಿ ಕುಳಿತಾಗ ಆ ಹೆಬ್ಬೆರಳು ಬೆಳ್ಳಗೆ ಸುಕ್ಕುಗಟ್ಟಿ ನಡುಗುತ್ತಿತ್ತು. ಅತ್ತೆಯವರು ಸೆರಗಿನಿಂದ ಅದನ್ನು ಒರೆಸಿ, ಕೊಬ್ಬರಿ ಎಣ್ಣೆಯನ್ನು ಹಚ್ಚಿ ಬಹಳ ಹೊತ್ತು ತೀಡಿದರು. ಇಬ್ಬರೂ ಮಾತಾಡಲಿಲ್ಲ. ಕ್ಯಾರೆಟ್ಟು ಮೊದಲೇ ನೆನಪಿಗೆ ಬರಲಿಲ್ಲವೇ ಎಂದು ನಾನು ಅಡುಗೆಮನೆಯಲ್ಲಿ ಮೆಲ್ಲನೆ ಕೇಳಿದ್ದಕ್ಕೆ, "ಬಂದಿತ್ತು. ಪಾಠ ಮಾಡ್ತಾ ಖುಷಿಯಾಗಿದ್ರಲ್ಲ, ಸ್ವಲ್ಪ ಹೊತ್ತು ಇರಲಿ ಅಂತ ಬಿಟ್ಟೆ" ಎಂದರು.

ಮುಂದಿನದು ಕ್ಷಣದ ಕೆಲಸ. ನಮ್ಮವರು ವಾಷರನ್ನು ಬದಲಿಸಿ, ಟೆಫ್ಲಾನ್ ಟೇಪು ಸುತ್ತಿ, ಕ್ಯಾರೆಟ್ಟನ್ನು ಕಿತ್ತು ನಲ್ಲಿಯನ್ನು ಕೂರಿಸಿದರು. ಕ್ಯಾರೆಟ್ಟನ್ನು ಅತ್ತೆಯವರು ತೊಳೆದು ಹುಳಿಗೆ ಹಾಕಿದರು. ಆ ರಾತ್ರಿ ನಲ್ಲಿಯಿಂದ ತೊಟ್ಟೂ ಬೀಳಲಿಲ್ಲ. ಮಾವನವರು ವಿಜಯಿಯಾಗಿ ನಿದ್ರಿಸಿದರು.

ಮರುದಿನ ಬೆಳಿಗ್ಗೆ ಚೊಂಬು ಮತ್ತೆ ತನ್ನ ಸ್ಥಾನದಲ್ಲಿದ್ದಿತು. ಅದರೊಳಗೆ ಸೆಕೆಂಡಿಗೊಂದರಂತೆ ಹನಿ ಬೀಳುತ್ತಿದ್ದಿತು. ನಡುರಾತ್ರಿಯಲ್ಲಿ ಅಜ್ಜಿ ಎದ್ದು ನಲ್ಲಿಯನ್ನು ಕೂದಲೆಳೆಯಷ್ಟು ಸಡಿಲಿಸಿದ್ದನ್ನು ಮೊಮ್ಮಗಳು ಕಂಡಿರುವಳು; ಮಾವನವರೂ ಕಂಡಿರಬೇಕೆಂದು ನನ್ನ ಸಂಶಯ. ಏಕೆಂದರೆ ಅವರು ನಲ್ಲಿಯನ್ನು ಮುಟ್ಟದೆ, ಕನ್ನಡಕವೇರಿಸಿ ಅದರ ಮುಂದೆ ಬಾಗಿ, ಇದು ವಾಷರಿನ ದೋಷವಲ್ಲ, ಪೀಠವೇ ಸವೆದಿದೆ, ಇದಕ್ಕೆ ಸದ್ಯಕ್ಕೆ ಔಷಧವಿಲ್ಲವೆಂದು ತೀರ್ಪಿತ್ತು, ತುಂಬಿದ ಚೊಂಬನ್ನು ತಾವೇ ಎತ್ತಿ ತುಳಸಿಗೆ ಹಾಕಿದರು.

ಈಗ ನಮ್ಮಲ್ಲಿ 143 ವಾಷರುಗಳಿವೆ. ಚೆನ್ನೈಯ ಕನ್ನಡಿಗರಲ್ಲಿ ಯಾರ ಮನೆಯಲ್ಲಾದರೂ ಅರ್ಧ ಇಂಚಿನ ತಿರುಪು ನಲ್ಲಿ ತೊಟ್ಟಿಕ್ಕುತ್ತಿದ್ದರೆ ಸಂಕೋಚವಿಲ್ಲದೆ ಬಂದು ಒಂದನ್ನು ಒಯ್ಯಬೇಕೆಂದು ವಿನಂತಿ. ಭಾನುವಾರ ಬಂದರೆ ಕಾಫಿಯೂ ಇರುವುದು. ನಲ್ಲಿಯನ್ನು ಬಿಚ್ಚಿಕೊಂಡು ಬರಬೇಡಿ. ಮನೆಯಲ್ಲಿ ಯಾರನ್ನೂ ನಿಲ್ಲಿಸಿ ಬರಬೇಡಿ. ಹಣ ತೆಗೆದುಕೊಳ್ಳುವುದಿಲ್ಲ. ಪುಕ್ಕಟೆ ಒಗ್ಗದ ವಂಶದವರಾದರೆ ಬರುವಾಗ ಒಂದು ಕ್ಯಾರೆಟ್ಟು ತರಬಹುದು, ಮೈತುಂಬಿದ್ದು.